ಹನ್ನೆರಡನೆಯ ಸಮುದ್ರಯಾನ

ಗೃಹಸ್ಥನು ತನ್ನ ಸಂಚಾರಕ್ಕೆ ತಾನೇ ಎಲ್ಲೆ ಕಟ್ಟಿಕೊಳ್ಳುವ ದಿಗ್ವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗಡಿಯ ಗುರುತುಗಳನ್ನು ಎಣಿಸಿಕೊಟ್ಟಿದ್ದಾರೆ. ನದಿ, ಅಡವಿ, ಗಿರಿ, ಜನಪದ, ಯೋಜನ ಇವೆಲ್ಲ ಆ ಎಣಿಕೆಯಲ್ಲಿವೆ. ಆದರೆ ಎಲ್ಲಕ್ಕೂ ಮೊದಲು ಬರುವ ಹೆಸರು ಸಮುದ್ರದ್ದು. ಸರ್ವರಿಗೂ ಗೊತ್ತಿರುವ, ಯಾರೂ ಸರಿಸಲಾಗದ ಗಡಿ ಎಂಬುದೇ ಅದಕ್ಕೆ ದೊರೆತ ಅಗ್ರಸ್ಥಾನದ ಕಾರಣವಿರಬೇಕು.

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಂತಹ ಊರಿನಲ್ಲಿ ಈ ವ್ರತ ತೊಟ್ಟ ಮನೆತನಕ್ಕೆ ಸಮುದ್ರದ ಗಡಿ ಎಂದೂ ಭಾರವಾಗಿರಲಾರದು. ದ್ರಾಕ್ಷಿಯ ನಾಡು ಅದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಟ್ಯಾಂಕರಿನ ನೀರು ತಂದು ಬಳ್ಳಿಗಳನ್ನು ಉಳಿಸಿಕೊಂಡ ನಾಡು. ಅಲ್ಲಿನ ಒಣದ್ರಾಕ್ಷಿಯ ವ್ಯವಹಾರ ತಾಸಗಾಂವ, ಸಾಂಗಲಿಗಳ ಪೇಟೆಯವರೆಗೆ ಚಾಚಿಕೊಂಡಿದ್ದರೂ ವ್ಯಾಪಾರಿಯ ಕಾಲು ನೆಲವನ್ನು ಬಿಡುವ ಪ್ರಸಂಗ ಬರುತ್ತಿರಲಿಲ್ಲ. ಬಿಜಾಪುರಕ್ಕೆ ಸಮುದ್ರವು ಅಪರಿಚಿತವೆಂದು ಇದರ ಅರ್ಥವಲ್ಲ. 1510ರಲ್ಲಿ ಪೋರ್ಚುಗೀಸರು ಗೆದ್ದುಕೊಳ್ಳುವ ಮೊದಲು ಗೋವೆಯ ಬಂದರು ಆದಿಲಶಾಹಿಗಳದೇ ಆಗಿತ್ತು. ಆದರೆ ಅದು ಕುದುರೆ, ಬಟ್ಟೆ, ಮಸಾಲೆಗಳ ಸಮುದ್ರ. ವಿಹಾರಕ್ಕೆಂದು ಸಮುದ್ರವನ್ನು ಪ್ರವೇಶಿಸುವ ಕಲ್ಪನೆ ಆ ಕಾಲದ ವರ್ತಕನಿಗೆ ವಿಚಿತ್ರವೆನಿಸುತ್ತಿತ್ತು.

ಇಂದು ಆ ಕಲ್ಪನೆ ದೊಡ್ಡ ಉದ್ಯಮವಾಗಿದೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 2.97 ಕೋಟಿ ಜನ ವಿಹಾರನೌಕೆಗಳಲ್ಲಿ ಪ್ರಯಾಣ ಮಾಡಿದರು. ಮಹಾಮಾರಿಯ ಎರಡು ವರ್ಷಗಳ ಕುಸಿತದ ನಂತರ 2023ರಲ್ಲಿ ಆ ಸಂಖ್ಯೆ 3.17 ಕೋಟಿಗೆ ಏರಿತು. ಭಾರತದಲ್ಲಿ ಈ ಉದ್ಯಮದ ಚರಿತ್ರೆ ಚಿಕ್ಕದು. 2019ರಲ್ಲಿ ಮುಂಬಯಿಯಿಂದ ಸಂಚಾರ ಆರಂಭಿಸಿದ ‘ಕರ್ಣಿಕಾ’ ಎಂಬ ಹಡಗು ಮರುವರ್ಷವೇ ನಿಂತುಹೋಗಿ, 2020ರ ಕೊನೆಗೆ ಗುಜರಾತಿನ ಅಲಂಗಿನಲ್ಲಿ ಒಡೆಯುವುದಕ್ಕೆಂದು ಮಾರಾಟವಾಯಿತು. 2021ರ ಸೆಪ್ಟೆಂಬರಿನಲ್ಲಿ ‘ಎಂಪ್ರೆಸ್’ ಎಂಬ ಮತ್ತೊಂದು ಹಡಗು ಮುಂಬಯಿಯಿಂದ ಗೋವೆ, ಲಕ್ಷದ್ವೀಪ, ಕೊಚ್ಚಿಗಳತ್ತ ಹೊರಟಿತು. ಎರಡೂ 1990ರಲ್ಲಿ ಬೇರೆ ಹೆಸರುಗಳಿಂದ, ಬೇರೆ ಸಮುದ್ರಗಳಲ್ಲಿ ಜೀವನ ಆರಂಭಿಸಿದ ಹಡಗುಗಳೇ. ಉತ್ತರ ಕರ್ನಾಟಕದ ವ್ಯಾಪಾರಿ ಕುಟುಂಬಗಳಿಗೆ ಈಗ ಮುಂಬಯಿ, ಸಿಂಗಪುರಗಳ ವಿಹಾರನೌಕೆಯೆಂದರೆ ಕೇಳದ ಮಾತಲ್ಲ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಯಾನವನ್ನಲ್ಲ, ಯಾನಗಳ ಸರಪಳಿಯನ್ನು. ಒಂದು ಹಡಗಿನಿಂದ ಬೆಳಿಗ್ಗೆ ಇಳಿದು, ಅದೇ ದಿನ ಮಧ್ಯಾಹ್ನ ಅಥವಾ ಮರುದಿನ, ಅದೇ ಬಂದರಿನಲ್ಲಿ ನಿಂತಿರುವ ಇನ್ನೊಂದು ಹಡಗನ್ನು ಹತ್ತಿಕೊಳ್ಳುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ನಿವೃತ್ತರಲ್ಲಿ, ಸಾಮಾನ್ಯವಾಗಿದೆ. ಮಿಯಾಮಿ, ಬಾರ್ಸಿಲೋನಾ, ಸಿಂಗಪುರದಂತಹ ಬಂದರುಗಳಲ್ಲಿ ಅನೇಕ ಹಡಗುಗಳು ಬಂದುಹೋಗುವುದರಿಂದ ಇದಕ್ಕೆ ಅಡ್ಡಿಯಿಲ್ಲ. ನೌಕರಿ ಬಿಟ್ಟು ಎರಡು ದಶಕಗಳಿಗೂ ಹೆಚ್ಚು ಕಾಲ ಹಡಗಿನಿಂದ ಹಡಗಿಗೆ ದಾಟುತ್ತ ಬದುಕಿದವರೂ ಇದ್ದಾರೆ.

ಈ ಪದ್ಧತಿಯ ಪರವಾಗಿ ಹೇಳುವ ಮಾತುಗಳನ್ನು ಹಗುರವಾಗಿ ಕಾಣುವಂತಿಲ್ಲ. ವಯಸ್ಸಾದವರಿಗೆ ಪ್ರತಿದಿನ ಗಂಟುಮೂಟೆ ಕಟ್ಟುವ, ಮೆಟ್ಟಿಲು ಹತ್ತುವ, ವಸತಿಗೃಹ ಹುಡುಕುವ ಶ್ರಮವಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರೂ ನಾಲ್ಕು ದೇಶಗಳನ್ನು ಕಾಣಬಹುದು. ಮೊಣಕಾಲು ನೋವಿನ ಕಾರಣಕ್ಕೆ ಶಿಖರಜಿಯ ಯಾತ್ರೆಯನ್ನೇ ಕೈಬಿಟ್ಟ ಹಿರಿಯರಿರುವ ಸಮಾಜ ಈ ಮಾತನ್ನು ನಗೆಯಾಡಲಾಗದು. ಎರಡನೆಯ ವಾದ ಲೆಕ್ಕಾಚಾರದ್ದು. ದೂರದ ಬಂದರಿಗೆ ಹೋಗಿಬರುವ ವಿಮಾನದ ವೆಚ್ಚ ಹೇಗೂ ತಪ್ಪದು. ಆ ವೆಚ್ಚವನ್ನು ಎರಡು ಯಾನಗಳಿಗೆ ಹಂಚಿದರೆ ಪ್ರತಿ ಯಾನವೂ ಅಗ್ಗವಾಗುತ್ತದೆ.

ವಾಣಿಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಈ ಲೆಕ್ಕವನ್ನು ಒಪ್ಪುತ್ತಾನೆ. ಸ್ಥಿರ ವೆಚ್ಚವನ್ನು ಹೆಚ್ಚು ಘಟಕಗಳ ಮೇಲೆ ಹರಡಿದಷ್ಟೂ ಘಟಕವೊಂದರ ವೆಚ್ಚ ಇಳಿಯುತ್ತದೆ. ಆದರೆ ಈ ಲೆಕ್ಕಕ್ಕೆ ತನ್ನೊಳಗೆ ನಿಲುಗಡೆಯೇ ಇಲ್ಲವೆಂಬುದನ್ನು ಅದೇ ವಿದ್ಯಾರ್ಥಿ ಗಮನಿಸದೆ ಇರಬಹುದು. ಎರಡನೆಯ ಯಾನವನ್ನು ಸಮರ್ಥಿಸುವ ಅಂಕಿಯೇ ಮೂರನೆಯದನ್ನೂ ಸಮರ್ಥಿಸುತ್ತದೆ. ಹತ್ತನೆಯ ಯಾನದ ಹೊತ್ತಿಗೆ ವಿಮಾನದ ವೆಚ್ಚ ಯಾನವೊಂದಕ್ಕೆ ಅತ್ಯಲ್ಪವಾಗಿರುತ್ತದೆ. ಕಾರ್ಖಾನೆಯಲ್ಲಿ ಈ ತರ್ಕಕ್ಕೆ ಮಾರುಕಟ್ಟೆಯ ಬೇಡಿಕೆ ಕಡಿವಾಣ ಹಾಕುತ್ತದೆ. ವಿಹಾರಿಯ ವಿಷಯದಲ್ಲಿ ಬೇಡಿಕೆಯೂ ಅವನದೇ, ಪೂರೈಕೆಯ ಹಣವೂ ಅವನದೇ.

ಉದ್ಯಮವು ಈ ಸರಪಳಿಯನ್ನು ಅದೃಷ್ಟಕ್ಕೆ ಬಿಟ್ಟಿಲ್ಲ. ಮುಂದಿನ ಯಾನವನ್ನು ಈಗಿನ ಯಾನದಲ್ಲಿರುವಾಗಲೇ ಕಾಯ್ದಿರಿಸುವುದಕ್ಕೆ ಹಡಗಿನೊಳಗೇ ಒಂದು ಮೇಜು ಇರುತ್ತದೆ. ಅಲ್ಲಿ ಕಾಯ್ದಿರಿಸಿದವರಿಗೆ ರಿಯಾಯಿತಿ ಉಂಟು. ಕಳೆದ ರಾತ್ರಿಗಳನ್ನೆಣಿಸಿ ಅಂಕಗಳನ್ನೂ, ಅಂಕಗಳಿಗೆ ತಕ್ಕ ದರ್ಜೆಗಳನ್ನೂ ಕೊಡಲಾಗುತ್ತದೆ. ಅನುಭವದ ನಡುವೆಯೇ ಅದರ ಪುನರಾವರ್ತನೆಯನ್ನು ಕೊಳ್ಳುವ ಈ ಏರ್ಪಾಡಿನಲ್ಲಿ ‘ತೃಪ್ತಿಯಾಯಿತೇ’ ಎಂಬ ಪ್ರಶ್ನೆಗೆ ಸಮಯವೇ ಉಳಿಯುವುದಿಲ್ಲ.

ಹಡಗು ಬದಲಾಯಿಸುವುದರ ಇನ್ನೊಂದು ಪರಿಣಾಮ ಅಮೆರಿಕದ ಕಾನೂನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ದೇಶದ 1886ರ ಪ್ರಯಾಣಿಕ ನೌಕಾ ಕಾಯಿದೆಯ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಿಂದ ಮತ್ತೊಂದು ಬಂದರಿಗೆ, ದೂರದ ವಿದೇಶಿ ಬಂದರನ್ನು ಮುಟ್ಟದೆ, ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಸಿಯಾಟಲ್‌ನಿಂದ ಅಲಾಸ್ಕ ನೋಡಿಕೊಂಡು ಕೆನಡಾದ ವ್ಯಾಂಕೂವರಿಗೆ ಬಂದವನು ಅದೇ ಹಡಗಿನಲ್ಲಿ ಮುಂದುವರಿದು ಲಾಸ್ ಏಂಜಲೀಸಿನಲ್ಲಿ ಇಳಿದರೆ, ಟಿಕೆಟ್ಟುಗಳು ಎರಡಿದ್ದರೂ, ಕಾನೂನು ಅದನ್ನು ಸಿಯಾಟಲ್‌ನಿಂದ ಲಾಸ್ ಏಂಜಲೀಸಿಗೆ ಮಾಡಿದ ಒಂದೇ ಪ್ರಯಾಣವೆಂದು ಎಣಿಸಿ ತಪ್ಪೆನ್ನುತ್ತದೆ. ವ್ಯಾಂಕೂವರಿನಲ್ಲಿ ಇಳಿದು ಬೇರೊಂದು ಹಡಗನ್ನು ಹತ್ತಿದರೆ ಪ್ರಯಾಣಗಳು ಎರಡಾಗುತ್ತವೆ, ತಪ್ಪು ಇಲ್ಲವಾಗುತ್ತದೆ. ಖಾತೆಯನ್ನು ತೆರೆದಿರುವುದು ಹಡಗಿನ ಹೆಸರಿನಲ್ಲಿ, ಮನುಷ್ಯನ ಹೆಸರಿನಲ್ಲಲ್ಲ. ಹಡಗು ಬದಲಾದರೆ ಹಿಂದಿನ ಬಾಕಿ ಹೊಸ ಪುಟಕ್ಕೆ ಬರುವುದಿಲ್ಲ. ಸರ್ಕಾರಕ್ಕೆ ಇದು ಸರಿಯಾದ ಕ್ರಮವೇ ಇರಬಹುದು. ಅದರ ಉದ್ದೇಶ ದೇಶೀಯ ಹಡಗುಗಳ ರಕ್ಷಣೆ. ಆದರೆ ವಿಹಾರಿಯ ಮನಸ್ಸೂ ಇದೇ ಕ್ರಮದಲ್ಲಿ ಲೆಕ್ಕ ಬರೆಯತೊಡಗಿದಾಗ ವಿಚಾರ ಬೇರೆಯಾಗುತ್ತದೆ. ಪ್ರತಿ ಹಡಗಿನಲ್ಲಿಯೂ ಅವನು ಮೊದಲ ದಿನದ ಅತಿಥಿ. ಅವನ ಕಿರ್ದಿಯಲ್ಲಿ ಆರಂಭಿಕ ಶಿಲ್ಕು ಯಾವಾಗಲೂ ಸೊನ್ನೆ.

ಕರ್ಮದ ಲೆಕ್ಕ ಹೀಗೆ ನಡೆಯುವುದಿಲ್ಲವೆಂಬುದನ್ನು ತೋರಿಸಲು ಜೈನ ಕಥಾಸಾಹಿತ್ಯದಲ್ಲಿ ಯಾನಗಳ ಸರಪಳಿಯನ್ನೇ ವಸ್ತುವಾಗುಳ್ಳ ಕಥೆಯೊಂದಿದೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯ ಒಂಬತ್ತನೆಯ ಅಧ್ಯಯನ ಅದು. ದಿಗಂಬರ ಪರಂಪರೆ ಆ ಆಗಮವನ್ನು ಪ್ರಮಾಣವೆಂದು ಸ್ವೀಕರಿಸದಿದ್ದರೂ ಕಥೆಯನ್ನು ಕಥೆಯಾಗಿ ಓದುವುದಕ್ಕೆ ಅಡ್ಡಿಯಿಲ್ಲ. ಚಂಪಾನಗರದ ಮಾಕಂದಿ ಎಂಬ ಸಾರ್ಥವಾಹನಿಗೆ ಜಿನಪಾಲಿತ, ಜಿನರಕ್ಷಿತರೆಂಬ ಇಬ್ಬರು ಮಕ್ಕಳು. ಅವರು ಹನ್ನೊಂದು ಬಾರಿ ಲವಣಸಮುದ್ರವನ್ನು ದಾಟಿ, ಪ್ರತಿಬಾರಿಯೂ ಹಣ ಗಳಿಸಿ, ಸುಕ್ಷೇಮವಾಗಿ ಮರಳಿದ್ದರು. ಹನ್ನೆರಡನೆಯ ಬಾರಿ ಹೊರಡಲು ಅನುಮತಿ ಬೇಡಿದಾಗ ತಂದೆತಾಯಿಗಳು ತಡೆಯುತ್ತಾರೆ. ಅವರ ಮಾತಿನ ಸ್ವರೂಪವನ್ನು ಗಮನಿಸಬೇಕು. ಸಮುದ್ರಯಾನ ಪಾಪವೆಂದು ಅವರು ಹೇಳುವುದಿಲ್ಲ. ಹೇಳಿದ್ದರೆ ಹಿಂದಿನ ಹನ್ನೊಂದೂ ಪಾಪವಾಗುತ್ತಿದ್ದವು. ಪೀಳಿಗೆಗಳಿಗೆ ಸಾಲುವಷ್ಟು ಮನೆಯಲ್ಲಿದೆ, ಅದನ್ನು ಅನುಭವಿಸಿರಿ, ಹನ್ನೆರಡನೆಯ ಯಾನ ಉಪದ್ರವದ್ದು ಎನ್ನುತ್ತಾರೆ. ಸಾಕೆಂಬ ಅಳತೆಯನ್ನು ದಾಟಿದ ಮೇಲೆ ಅದೇ ಕ್ರಿಯೆ ಬೇರೆ ಕ್ರಿಯೆಯಾಗುತ್ತದೆ ಎಂಬ ಸೂಕ್ಷ್ಮ ಇದು.

ಮಕ್ಕಳು ಕೇಳಲಿಲ್ಲ. ಹಡಗು ಒಡೆದು, ಹಲಗೆಯೊಂದನ್ನು ಹಿಡಿದು, ರತ್ನದ್ವೀಪವನ್ನು ಸೇರಿದರು. ಅಲ್ಲಿನ ದೇವತೆ ಅವರನ್ನು ತನ್ನ ಪ್ರಾಸಾದಕ್ಕೆ ಕರೆದೊಯ್ದು ಭೋಗಗಳಲ್ಲಿ ಇರಿಸಿಕೊಂಡಳು. ಒಂದು ದಿನ ಅವಳಿಗೆ ಲವಣಸಮುದ್ರದ ಅಧಿಪತಿಯಿಂದ ಆಜ್ಞೆ ಬರುತ್ತದೆ: ಸಮುದ್ರವನ್ನು ಇಪ್ಪತ್ತೊಂದು ಸಲ ಸುತ್ತಿ, ಹುಲ್ಲು, ಎಲೆ, ಕಟ್ಟಿಗೆ, ಕಸ, ಕೊಳೆತದ್ದು ಏನಿದ್ದರೂ ತೆಗೆದುಹಾಕಬೇಕು. ಹೋಗುವ ಮುನ್ನ ಅವಳು ಅತಿಥಿಗಳಿಗೆ, ಬೇಸರವಾದರೆ ಪೂರ್ವದ ವನಕ್ಕೆ ಹೋಗಿರಿ, ಅಲ್ಲಿಯೂ ಬೇಸರವಾದರೆ ಉತ್ತರದ ವನಕ್ಕೆ, ಅಲ್ಲಿಂದ ಪಶ್ಚಿಮದ ವನಕ್ಕೆ ಹೋಗಿರಿ, ದಕ್ಷಿಣದ ವನಕ್ಕೆ ಮಾತ್ರ ಹೋಗಬೇಡಿರಿ ಎನ್ನುತ್ತಾಳೆ. ಒಂದೊಂದು ವನದಲ್ಲಿಯೂ ಎರಡೆರಡು ಋತುಗಳು ಸದಾ ನೆಲೆಸಿವೆ. ಸೋದರರು ಪ್ರಾಸಾದದಲ್ಲಿ ನೆಮ್ಮದಿ ಕಾಣದೆ ಪೂರ್ವಕ್ಕೆ ಹೋದರು. ಅಲ್ಲಿ ಕಾಣದೆ ಉತ್ತರಕ್ಕೆ, ಅಲ್ಲಿಯೂ ಕಾಣದೆ ಪಶ್ಚಿಮಕ್ಕೆ. ಋತುಗಳನ್ನೇ ಕೈಗೆಟುಕುವಂತೆ ಜೋಡಿಸಿಟ್ಟ ಮೂರು ವನಗಳನ್ನು ಒಂದರ ಬೆನ್ನಿಗೊಂದು ಸುತ್ತಿದರೂ ಬೇಸರ ಅವರ ಜೊತೆಯಲ್ಲೇ ನಡೆಯಿತು. ಬಿಸಿಲಿನ ಕೆರೀಬಿಯನ್ ಯಾನದಿಂದ ಹಿಮದ ಅಲಾಸ್ಕಕ್ಕೆ ಹಡಗು ಬದಲಾಯಿಸುವ ಇಂದಿನ ವಿಹಾರಿಯ ಚಿತ್ರಕ್ಕೆ ಇದಕ್ಕಿಂತ ಹತ್ತಿರದ ಪ್ರಾಚೀನ ಪ್ರತಿರೂಪ ದೊರೆಯುವುದು ಕಷ್ಟ. ದಕ್ಷಿಣದ ವನದಲ್ಲಿ ಅವರು ಕಂಡದ್ದೇನೆಂಬುದನ್ನು ಮುಂದೆ ನೋಡಬಹುದು.

ವಿಹಾರ ಎಂಬ ಶಬ್ದವೇ ಇಲ್ಲಿ ವಿಚಾರಯೋಗ್ಯ. ಕನ್ನಡ ಪತ್ರಿಕೆಗಳು ‘ವಿಹಾರನೌಕೆ’ ಎಂದು ಬರೆಯುವಾಗ ಅದು ಸುಖಸಂಚಾರವೆಂಬ ಅರ್ಥದ್ದು. ಜೈನರ ಮನೆಗಳಲ್ಲಿ ‘ಮಹಾರಾಜರು ವಿಹಾರ ಮಾಡಿದರು’ ಎಂದರೆ ಮುನಿಗಳು ಒಂದೂರಿನಿಂದ ಮತ್ತೊಂದೂರಿಗೆ ಬರಿಗಾಲಿನಲ್ಲಿ ನಡೆದರೆಂದು ಅರ್ಥ. ಮುನಿಯೂ ಒಂದೆಡೆ ನೆಲೆ ನಿಲ್ಲದವನು, ಸದಾ ಮುಂದಿನ ಊರಿಗೆ ಹೊರಡುವವನು. ಹೊರನೋಟಕ್ಕೆ ಹಡಗಿನಿಂದ ಹಡಗಿಗೆ ದಾಟುವವನೂ ಅಂತಹವನೇ. ಆದರೆ ಮುನಿಯ ವಿಹಾರಕ್ಕೆ ಚಾತುರ್ಮಾಸದ ತಡೆಯಿದೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವಗಳು ಹೆಚ್ಚುತ್ತವೆಂಬ ಕಾರಣಕ್ಕೆ ನಾಲ್ಕು ತಿಂಗಳು ಅವನು ನಿಲ್ಲುತ್ತಾನೆ. ಅಂದರೆ ಅವನ ಸಂಚಾರದ ವೇಳಾಪಟ್ಟಿಯನ್ನು ನಿರ್ಧರಿಸುವುದು ಅವನ ಕಾಲಿಗೆ ಸಿಕ್ಕಬಹುದಾದ ಇತರ ಜೀವಗಳು. ವಿಹಾರನೌಕೆಗಳೂ ಋತುವನ್ನು ನೋಡಿ ಸಮುದ್ರ ಬದಲಾಯಿಸುತ್ತವೆ. ಬೇಸಿಗೆಯಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ಉಷ್ಣವಲಯಕ್ಕೆ. ಅಲ್ಲಿ ನೋಡುವುದು ಅತಿಥಿಯ ಮೈಗೆ ಹಿತವಾದ ಹವೆಯನ್ನು.

ಶ್ರಾವಕನಿಗೆ ಮುನಿಯ ನಿಯಮವನ್ನು ಹೇರುವುದು ಶಾಸ್ತ್ರದ ಉದ್ದೇಶವಲ್ಲ. ಅವನಿಗಾಗಿ ಇರುವುದು ಅಳತೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ದಿಗ್ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೊದಲ ಮೂರು ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆಯನ್ನು ದಾಟುವುದು. ನಾಲ್ಕನೆಯದು ಕ್ಷೇತ್ರವೃದ್ಧಿ, ಲೋಭದಿಂದ ಎಲ್ಲೆಯನ್ನೇ ಹಿಗ್ಗಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಹಾಕಿಕೊಂಡ ಎಲ್ಲೆಯನ್ನು ಮರೆಯುವುದು. ಮರೆವನ್ನು ದಾಟುವಿಕೆಯ ಸಾಲಿನಲ್ಲೇ ಕೂರಿಸಿರುವುದು ಸೂತ್ರಕಾರರ ವ್ಯವಹಾರಜ್ಞಾನಕ್ಕೆ ಸಾಕ್ಷಿ. ಹಡಗು ಬದಲಾದಾಗಲೆಲ್ಲ ಲೆಕ್ಕವನ್ನು ಸೊನ್ನೆಯಿಂದ ಆರಂಭಿಸುವ ಮನಸ್ಸಿಗೆ ಈ ಐದನೆಯ ಅತಿಚಾರವೇ ನೇರವಾಗಿ ಅನ್ವಯಿಸುತ್ತದೆ.

ಭೋಗೋಪಭೋಗ ಪರಿಮಾಣದ ವಿಷಯವೂ ಹೀಗೆಯೇ. ಒಮ್ಮೆ ಅನುಭವಿಸಿ ಬಿಡುವಂಥದ್ದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ, ವಸ್ತ್ರದಂತೆ ಎಂದು ಸಮಂತಭದ್ರರು ವಿಂಗಡಿಸುತ್ತಾರೆ. ಕಾಲದ ಅವಧಿಯಿಟ್ಟು ಮಿತಿಗೊಳಿಸಬೇಕಾದವುಗಳಲ್ಲಿ ಅವರು ಹೆಸರಿಸುವುವು ಭೋಜನ, ವಾಹನ, ಶಯನ, ಸ್ನಾನ, ಅಂಗರಾಗ, ಹೂವು, ತಾಂಬೂಲ, ವಸ್ತ್ರ, ಒಡವೆ, ಕಾಮ, ಸಂಗೀತ, ಗೀತ. ತಾಂಬೂಲವೊಂದನ್ನು ಬಿಟ್ಟರೆ ಇದು ಯಾವುದೇ ವಿಹಾರನೌಕೆಯ ಪರಿಚಯಪತ್ರವಾಗಬಹುದು. ಆಚಾರ್ಯರು ಇವುಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದರಿಂದ ಶ್ರಾವಕನು ಇಂದು ಇದನ್ನು, ಈ ಪಕ್ಷ ಅದನ್ನು, ಈ ಋತುವಿನಲ್ಲಿ ಮತ್ತೊಂದನ್ನು ಬಿಡಲು ಸಾಧ್ಯವಾಗುತ್ತಿತ್ತು. ಹಡಗಿನಲ್ಲಿ ಅವೆಲ್ಲವೂ ಒಂದೇ ಬೆಲೆಗೆ ಕಟ್ಟಿದ ಒಂದೇ ಗಂಟು. ತೆಗೆದುಕೊಳ್ಳದೆ ಬಿಟ್ಟದ್ದು ಅಲ್ಲಿ ಉಳಿತಾಯವಲ್ಲ, ನಷ್ಟ.

ಇದೇ ಸಂದರ್ಭದಲ್ಲಿ ಸಮಾಜವು ಹೆಮ್ಮೆಪಡುವ ಒಂದು ಸಂಗತಿಯನ್ನು ತುಸು ನಿಷ್ಠುರವಾಗಿ ನೋಡಬೇಕಾಗಿದೆ. ಭಾರತದಿಂದ ಹೊರಡುವ ಹಡಗುಗಳಲ್ಲಿ ಈಗ ಜೈನ ಭೋಜನ ದೊರೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸುಗಳಿಲ್ಲದ ಅಡುಗೆ. ಪರದೇಶದಲ್ಲಿ ಖಾಕ್ರಾ, ತೆಪ್ಲಾಗಳ ಡಬ್ಬಿ ನಂಬಿ ಬದುಕಿದ ಹಿಂದಿನ ತಲೆಮಾರಿನವರಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಕಂದಮೂಲವಿಲ್ಲವೆಂಬ ಒಂದೇ ಕಾರಣಕ್ಕೆ ಉಳಿದದ್ದೆಲ್ಲ ನಿರ್ದೋಷವಾಯಿತೆಂಬ ಸಮಾಧಾನ ಅಪಾಯಕರ. ವಸ್ತುವಿನ ನಿಷೇಧವನ್ನು ಪಾಲಿಸುತ್ತ ಪ್ರಮಾಣದ ನಿಯಮವನ್ನು ಮರೆಯುವುದು, ಬಟಾಟೆಯನ್ನು ದೂರವಿಟ್ಟು ತಟ್ಟೆಯ ತುಂಬ ಬಡಿಸಿಕೊಂಡು ಅರ್ಧ ಬಿಡುವುದು ಯಾವ ಆಚಾರ? ಎಂಜಲಿನಲ್ಲಿ ಸೂಕ್ಷ್ಮ ಜೀವಿಗಳು ಹುಟ್ಟುತ್ತವೆಂದು ತಟ್ಟೆ ತೊಳೆದು ಕುಡಿಯುತ್ತಿದ್ದ ಅಜ್ಜಿಯರು ಈ ಮನೆಗಳಲ್ಲೇ ಇದ್ದರು. ಹಡಗಿನ ಎಂಜಲಿಗೆ ಅಂತರರಾಷ್ಟ್ರೀಯ ನಿಯಮವಿದೆ. ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧದ ಪ್ರಕಾರ, ವಿಶೇಷ ರಕ್ಷಣೆಯಿಲ್ಲದ ಸಮುದ್ರಗಳಲ್ಲಿ, 25 ಮಿಲಿಮೀಟರಿಗಿಂತ ಸಣ್ಣದಾಗಿ ಅರೆದ ಆಹಾರದ ತ್ಯಾಜ್ಯವನ್ನು ದಡದಿಂದ 3 ನಾಟಿಕಲ್ ಮೈಲಿಗಳಾಚೆ, ಅರೆಯದ್ದನ್ನು 12 ಮೈಲಿಗಳಾಚೆ ನೀರಿಗೆ ಬಿಡಬಹುದು. ಸಮುದ್ರವನ್ನು ಇಪ್ಪತ್ತೊಂದು ಸಲ ಸುತ್ತಿ ಕಸ ತೆಗೆಯಲು ಹೊರಟ ದೇವತೆಯ ಕೆಲಸ ಈಗ ಬಹಳ ಹೆಚ್ಚಿರಬೇಕು.

ಇನ್ನು ದಕ್ಷಿಣದ ವನ. ದೇವತೆ ಬೇಡವೆಂದ ಮೇಲೆಯೇ ಅಲ್ಲೇನಿದೆಯೆಂಬ ಶಂಕೆ ಸೋದರರಿಗೆ ಬಂತು. ಅಲ್ಲಿ ಎಲುಬುಗಳ ರಾಶಿ, ಶೂಲಕ್ಕೇರಿಸಿದ ಒಬ್ಬ ಮನುಷ್ಯ. ಅವನೂ ಕುದುರೆಗಳನ್ನು ಹೇರಿಕೊಂಡು ಹೊರಟು ಹಡಗೊಡೆದು ಬಂದ ವರ್ತಕನೇ, ಅವನೂ ಅದೇ ಪ್ರಾಸಾದದ ಹಿಂದಿನ ಅತಿಥಿಯೇ. ಸಣ್ಣದೊಂದು ತಪ್ಪಿಗೆ ಅವನಿಗೆ ಈ ಗತಿ ಬಂದಿತ್ತು. ಮೂರು ವನಗಳ ಸುಖಕ್ಕೂ ನಾಲ್ಕನೆಯ ವನದ ನೋವಿಗೂ ಒಡತಿ ಒಬ್ಬಳೇ ಎಂಬುದನ್ನು ಅವರು ತಿಳಿದದ್ದು ಅಲ್ಲಿ.

ವಿಹಾರನೌಕೆಯಲ್ಲಿ ಶೂಲವಿಲ್ಲ, ಹೋಲಿಕೆಯನ್ನು ಅಷ್ಟು ದೂರ ಎಳೆಯುವುದು ಅನ್ಯಾಯ. ಆದರೆ ಅತಿಥಿಗಳು ಪ್ರವೇಶಿಸದ ಬಾಗಿಲುಗಳು ಅಲ್ಲಿವೆ, ಕೆಳಗಿನ ಅಂತಸ್ತುಗಳಿವೆ. ಅಡುಗೆಯವರು, ಕೋಣೆ ಗುಡಿಸುವವರು, ಬಟ್ಟೆ ಒಗೆಯುವವರು, ಯಂತ್ರ ನೋಡುವವರು ಅಲ್ಲಿ ಇರುತ್ತಾರೆ. ಗೋವೆ, ಮಂಗಳೂರು, ಕೇರಳ, ಮುಂಬಯಿ ಕಡೆಗಳ ಅನೇಕ ಮನೆಗಳಿಗೆ ಈ ಸಂಬಳವೇ ಆಧಾರ. ಸಾಲ ತೀರಿಸಿ ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಆದ್ದರಿಂದ ಈ ಉದ್ಯೋಗವೇ ಇಲ್ಲವಾಗಲಿ ಎಂದು ಹಾರೈಸುವುದು ಸುಲಭದ ಕರುಣೆ. ಕೇಳಬೇಕಾದ ಪ್ರಶ್ನೆ ಅವರ ಲೆಕ್ಕವನ್ನು ಯಾರು ಬರೆಯುತ್ತಾರೆಂಬುದು. 2013ರಲ್ಲಿ ಜಾರಿಗೆ ಬಂದ, ಭಾರತವು 2015ರಲ್ಲಿ ಅಂಗೀಕರಿಸಿದ ಕಡಲ ಕಾರ್ಮಿಕರ ಒಪ್ಪಂದವು ದಿನಕ್ಕೆ ಕನಿಷ್ಠ 10 ತಾಸು, ವಾರಕ್ಕೆ ಕನಿಷ್ಠ 77 ತಾಸು ವಿಶ್ರಾಂತಿಯನ್ನು ವಿಧಿಸುತ್ತದೆ. ವಾರಕ್ಕೆ 168 ತಾಸು. ವಿಶ್ರಾಂತಿಯ ಈ ಅಳತೆಯನ್ನು ಅನುಸರಿಸುವ ಹಡಗಿನಲ್ಲಿ, ನಿಯಮ ಮೀರದೆಯೇ, 91 ತಾಸು ದುಡಿಸಲು ಅವಕಾಶವಿದೆಯೆಂದಾಯಿತು. ಅತಿಥಿಗಳು ಬದಲಾಗುವ ದಿನವಂತೂ ಬೆಳಿಗ್ಗೆ ಒಂದು ಗುಂಪು ಇಳಿದು ಮಧ್ಯಾಹ್ನ ಇನ್ನೊಂದು ಗುಂಪು ಹತ್ತುವ ನಡುವಿನ ಕೆಲವೇ ತಾಸುಗಳಲ್ಲಿ ಸಾವಿರಾರು ಹಾಸಿಗೆಗಳು ಹೊಸದಾಗಬೇಕು. ಹಡಗು ಬದಲಾಯಿಸುವ ವಿಹಾರಿ ಆ ಹೊತ್ತನ್ನು ಬಂದರಿನಲ್ಲಿ ಕಾಫಿ ಕುಡಿಯುತ್ತ ಕಳೆಯುತ್ತಾನೆ. ಅವನು ಎರಡೂ ಕಡೆಯವರಿಗೂ ದುಡಿಮೆಯಾದವನು: ಬಿಟ್ಟ ಹಡಗಿನಲ್ಲಿ ಅವನ ಹಾಸಿಗೆಯನ್ನು ಒಬ್ಬರು ತೆಗೆಯುತ್ತಿರುತ್ತಾರೆ, ಹತ್ತುವ ಹಡಗಿನಲ್ಲಿ ಇನ್ನೊಬ್ಬರು ಹಾಸುತ್ತಿರುತ್ತಾರೆ. ತಿಂಗಳುಗಟ್ಟಲೆ ಬೆನ್ನಿಗೆ ಬೆನ್ನು ಯಾನ ಮಾಡುವವರು ನಿಜಕ್ಕೂ ಇವರೇ; ಅವರಿಗೆ ಮಾತ್ರ ಹಡಗು ಬದಲಾಗುವುದಿಲ್ಲ.

ಅನರ್ಥದಂಡದ ಪ್ರಕರಣದಲ್ಲಿ ಸಮಂತಭದ್ರರು ಪ್ರಮಾದಚರ್ಯೆಯನ್ನು ವಿವರಿಸುತ್ತ ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕೆದಕುವುದರ ಜೊತೆಗೆ ಎರಡು ಪುಟ್ಟ ಶಬ್ದಗಳನ್ನು ಇಟ್ಟಿದ್ದಾರೆ: ಸರಣ, ಸಾರಣ. ಪ್ರಯೋಜನವಿಲ್ಲದೆ ತಾನು ಅಲೆಯುವುದು ಸರಣ. ಪ್ರಯೋಜನವಿಲ್ಲದೆ ಇತರರನ್ನು ಅಲೆಯಿಸುವುದು ಸಾರಣ. ಪ್ರವಚನಗಳಲ್ಲಿ ಮೊದಲನೆಯ ಶಬ್ದಕ್ಕೆ ದೊರೆಯುವ ವಿವರಣೆ ಎರಡನೆಯದಕ್ಕೆ ದೊರೆಯುವುದು ಅಪರೂಪ. ವಿಹಾರಿ ತನ್ನ ಹಣ, ತನ್ನ ಕಾಲ, ತನ್ನ ದೇಹವೆಂದು ಸರಣವನ್ನು ಸಮರ್ಥಿಸಿಕೊಳ್ಳಬಹುದು. ಸಾರಣಕ್ಕೆ ಆ ಸಮರ್ಥನೆ ಒದಗುವುದಿಲ್ಲ.

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾ ಸೋಂಕಿನ ಕಾರಣ ತಡೆಹಿಡಿದಾಗ ಅದರಲ್ಲಿದ್ದ 3,711 ಜನರಲ್ಲಿ 138 ಮಂದಿ ಭಾರತೀಯರಾಗಿದ್ದರು. ಆ 138ರಲ್ಲಿ ಪ್ರವಾಸಿಗರು 6, ಸಿಬ್ಬಂದಿ 132. ಅತಿಥಿಗಳಿಗೆ ಕೋಣೆಯೊಳಗೆ ಪ್ರತ್ಯೇಕವಾಗಿರುವ ಆದೇಶವಾಯಿತು. ಅವರ ಬಾಗಿಲಿಗೆ ಊಟ ಮುಟ್ಟಿಸುವ ಕೆಲಸ ಸಿಬ್ಬಂದಿಯದಾಗಿ ಮುಂದುವರಿಯಿತು. ವಿಹಾರನೌಕೆಯೊಂದಿಗೆ ಭಾರತೀಯನಿಗಿರುವ ಸಂಬಂಧವನ್ನು ಈ ಎರಡು ಅಂಕಿಗಳಿಗಿಂತ ಸ್ಪಷ್ಟವಾಗಿ ಹೇಳುವ ಗ್ರಂಥ ಬೇಕಾಗಿಲ್ಲ.

ಪ್ರಯಾಣಿಕನನ್ನು ಹೊತ್ತವರ ಪ್ರಶ್ನೆಯನ್ನು ಪುರಾಣವೂ ಎತ್ತಿದೆ. ಪುನ್ನಾಟ ಸಂಘದ ಜಿನಸೇನರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಪೂರೈಸಿದ ಹರಿವಂಶಪುರಾಣದ ಚಾರುದತ್ತ ಗಣಿಕೆಯ ಮನೆಯಲ್ಲಿ ಸಂಪತ್ತನ್ನೆಲ್ಲ ಕಳೆದುಕೊಂಡು ವ್ಯಾಪಾರಕ್ಕೆ ಹೊರಟವನು. ಅವನ ಹಡಗು ಮತ್ತೆ ಮತ್ತೆ ಒಡೆಯುತ್ತದೆ, ಅವನು ಮತ್ತೆ ಮತ್ತೆ ಹೊರಡುತ್ತಾನೆ. ಮಾಕಂದಿಯ ಮಕ್ಕಳಂತೆ ಇದು ತುಂಬಿದ ಮನೆಯಿಂದ ಹೊರಟ ಯಾನವಲ್ಲ. ಅವನಿಗೆ ಮರಳಿ ಕಟ್ಟಬೇಕಾದ ಮನೆಯಿತ್ತು. ಮುಂದೆ ದುರ್ಗಮವಾದ ದಾರಿಯನ್ನು ಆಡುಗಳ ಬೆನ್ನ ಮೇಲೆ ದಾಟಿದ ನಂತರ ಜೊತೆಗಾರ ರುದ್ರದತ್ತನು ಅವೇ ಆಡುಗಳನ್ನು ಕೊಂದು ತೊಗಲಿನ ಚೀಲ ಮಾಡಲು ಮುಂದಾದಾಗ ಚಾರುದತ್ತ ತಡೆಯುತ್ತಾನೆ. ತಡೆಯಲಾಗದೆ ಹೋದಾಗ ತನ್ನನ್ನು ಹೊತ್ತು ತಂದ ಆಡಿನ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುತ್ತಾನೆ. ಆ ಆಡು ದೇವಗತಿಯನ್ನು ಪಡೆಯಿತೆಂದು ಪುರಾಣ ಹೇಳುತ್ತದೆ. ಎಷ್ಟೋ ದ್ವೀಪಗಳನ್ನು ಕಂಡ ಚಾರುದತ್ತನ ಕಥೆಯಲ್ಲಿ ಓದುಗರಿಗೆ ನೆನಪುಳಿಯುವುದು ದ್ವೀಪಗಳಲ್ಲ, ಈ ಆಡು.

ವ್ಯಾಪಾರಿಗೆ ಎದ್ದು ಕಾಣುವ ಇನ್ನೊಂದು ವಿಷಯವಿದೆ. ವಿಹಾರನೌಕೆಯಲ್ಲಿ ನಗದು ನಡೆಯುವುದಿಲ್ಲ. ಒಂದು ಕಾರ್ಡು ಅಥವಾ ಕೈಪಟ್ಟಿ ಸಾಕು. ಎಲ್ಲವೂ ಖಾತೆಗೆ ಬರೆದುಕೊಂಡು ಕೊನೆಗೆ ಒಟ್ಟು ಬಿಲ್ಲು ಬರುತ್ತದೆ. ಜೇಬು ಮುಟ್ಟದೆ ಖರ್ಚು ಮಾಡಿದವನಿಗೆ ಖರ್ಚಿನ ಅರಿವಿರುವುದಿಲ್ಲವೆಂಬುದು ಉದ್ರಿ ಕೊಟ್ಟು ಬದುಕಿದ ಪ್ರತಿ ಅಂಗಡಿಕಾರನಿಗೂ ಗೊತ್ತು. ಬಿಜ್ಜರಗಿಯಲ್ಲಿ ಹುಟ್ಟಿದ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳೂ ಜೇಬನ್ನು ಮುಟ್ಟುತ್ತಿರಲಿಲ್ಲ. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ಅವರು ವಿನಯದಿಂದ ಹಿಂತಿರುಗಿಸಿದರು. 2023ರ ಜನವರಿ 2ರಂದು ದೇಹ ಬಿಟ್ಟಾಗ, ಮೊದಲೇ ಬರೆದಿಟ್ಟಂತೆ, ಸ್ಮಾರಕ ಕಟ್ಟಲಿಲ್ಲ. ಅವರು ಜೈನರಲ್ಲ. ಆದರೂ ಅಪರಿಗ್ರಹವೆಂಬ ಶಬ್ದಕ್ಕೆ ಈ ಭಾಗದ ಜೈನರ ಮನೆಗಳಲ್ಲಿಯೂ ಬಾಯಿಗೆ ಬರುವ ಉದಾಹರಣೆ ಅವರದೇ. ಪ್ರವಚನಕ್ಕಾಗಿ ಅವರೂ ಊರೂರು ಸಂಚರಿಸಿದವರು. ಸಂಚಾರವೇ ದೋಷವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕರ್ನಾಟಕದ ಮಟ್ಟಿಗೆ ಈ ಉದ್ಯಮದ ಬಾಗಿಲು ಪಣಂಬೂರಿನಲ್ಲಿರುವ ನವಮಂಗಳೂರು ಬಂದರು. 2020ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ವಿಹಾರನೌಕೆಗೆ ಪ್ರವೇಶ ನಿರಾಕರಿಸಿದ ಈ ಬಂದರಿಗೆ, 2022ರ ನವೆಂಬರ್ 28ರಂದು ‘ಯುರೋಪಾ 2’ ಬಂದಾಗ, ಎರಡು ವರ್ಷಗಳ ಖಾಲಿ ಋತುಗಳು ಮುಗಿದವು. ಅದರಲ್ಲಿದ್ದ ಪ್ರವಾಸಿಗರು 271, ಸಿಬ್ಬಂದಿ 373. ಹೀಗೆ ಬಂದಿಳಿಯುವವರನ್ನು ಕರೆದೊಯ್ಯುವ ಸ್ಥಳಗಳಲ್ಲಿ ಗೋಡಂಬಿ ಕಾರ್ಖಾನೆ, ಕುದ್ರೋಳಿಯ ದೇವಾಲಯಗಳ ಜೊತೆಗೆ 1432ರಲ್ಲಿ ಪ್ರತಿಷ್ಠಾಪಿತವಾದ ಕಾರ್ಕಳದ ಬಾಹುಬಲಿಯೂ, ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ ಸೇರಿವೆ. ಎಲ್ಲವನ್ನೂ ಬಿಟ್ಟು ನಿಂತವನ ಎದುರು, ಒಂದು ಹಡಗನ್ನು ಬಿಟ್ಟು ಇನ್ನೊಂದನ್ನು ಹತ್ತಲಿರುವವರು ಕ್ಷಣಕಾಲ ನಿಲ್ಲುತ್ತಾರೆ. ಅವರಲ್ಲಿ ಯಾರಿಗೆ ಏನು ದಕ್ಕಿತೆಂದು ಹೊರಗಿನವರು ನಿರ್ಣಯಿಸಲಾಗದು. ಒಂದು ದರ್ಶನ ಸಾಕಾದ ಜೀವಗಳೂ ಪುರಾಣಗಳಲ್ಲಿವೆ.

ಮೂಡಬಿದಿರೆಯ ಆ ಬಸದಿ 1430ರ ಸುಮಾರಿಗೆ ಎದ್ದದ್ದು, ಸೆಟ್ಟಿಗಳ ಸಿರಿಯಿಂದ ಬೆಳೆದ ಊರಿನಲ್ಲಿ. ಅದರ ಭೈರಾದೇವಿ ಮಂಟಪದ ಅಧಿಷ್ಠಾನದ ಶಿಲ್ಪಗಳಲ್ಲಿ ಒಂದು ಜಿರಾಫೆಯೂ ಚೀನೀ ಮಾದರಿಯ ಒಂದು ಡ್ರ್ಯಾಗನ್ನೂ ಇವೆ. ಎರಡೂ ತುಳುನಾಡಿನ ಪ್ರಾಣಿಗಳಲ್ಲ. ಆಫ್ರಿಕ, ಚೀನಗಳ ಸಮುದ್ರಮಾರ್ಗದ ಸುದ್ದಿ, ಚಿತ್ರ ಅಥವಾ ಕಣ್ಣಾರೆ ಕಂಡ ನೆನಪು ಯಾರೋ ವರ್ತಕರೊಡನೆ ಬಂದು ಇಲ್ಲಿನ ಕಲ್ಲಿನಲ್ಲಿ ನಿಂತಿದೆ. ಗಳಿಸಿದ್ದರಲ್ಲಿ ಬಸದಿಗೆ ಕೊಟ್ಟು, ಕಂಡದ್ದರಲ್ಲಿ ಒಂದೆರಡನ್ನು ಅದರ ತಳದಲ್ಲಿ ಉಳಿಸಿಹೋದವರ ಹೆಸರು ಆ ಶಿಲ್ಪದ ಬಳಿ ಇಲ್ಲ. ಜಿರಾಫೆ ಇರುವುದು ಕೆಳಗೆ. ನೋಡಬೇಕಾದವರು ಬಾಗಬೇಕು, ಹುಡುಕಬೇಕು, ತುಸು ಹೊತ್ತು ಬೇಕು. ಬಸ್ಸುಗಳು ಸಂಜೆಯೊಳಗೆ ಪಣಂಬೂರಿಗೆ ಮರಳಬೇಕಾಗಿರುತ್ತದೆ.